ಒಮ್ಮೆ ಬಂದದ್ದು ಮತ್ತೆ ಬಂದೀತು: ಮಕ್ಕಳಿಗೆ ಒಗ್ಗದ ಪದಾರ್ಥ ಮತ್ತು ನಮ್ಮ ಎಚ್ಚರ



ಬೀಜೋಪಚಾರ, ಬದು ನಿರ್ಮಾಣ, ಗೊಬ್ಬರದ ಗುಂಡಿ, ಶೇಂಗಾಕ್ಕೆ ಬರುವ ತಿಕ್ಕಾ ರೋಗ, ಇವೆಲ್ಲ ನಾವು ನೀವು ಹೊಲದ ಬದುವಿನ ಮೇಲೆ ನಿಂತು ಆಡುವ ಮಾತುಗಳು. ಈ ಸಾರಿಯ ಪಾಠ ಬೆಳೆಯದ್ದಲ್ಲ, ಮಕ್ಕಳದ್ದು. ಆದರೂ ಇದು ಶುರುವಾಗುವುದು ಹೊಲದಲ್ಲೇ. ನಾನು ವ್ಯವಸಾಯ ಓದಿದವನು, ವೈದ್ಯನಲ್ಲ. ಕಣ್ಣಾರೆ ಕಂಡ ಒಂದು ಪ್ರಸಂಗದ ತರುವಾಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕೇಳಿ, ಓದಿ, ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ದಯಮಾಡಿ ಮನೆಯ ಹೆಣ್ಣುಮಕ್ಕಳಿಗೂ ಅಜ್ಜ ಅಜ್ಜಿಯರಿಗೂ ಇದನ್ನು ಓದಿ ಹೇಳಿರಿ.

ಕಂಡದ್ದು

ಹೊಸದುರ್ಗದ ಕಡೆಯ ಒಂದು ಹಳ್ಳಿ. ಶೇಂಗಾ ಕೀಳುವ ಕಾಲ. ಇಳುವರಿ ನೋಡಿ ಬರಲು ಹೋಗಿದ್ದೆ. ಹೊಲದ ಬದಿಯಲ್ಲಿ ಬೆಂಕಿ ಹಾಕಿ ಹಸಿ ಶೇಂಗಾ ಸುಡುತ್ತಿದ್ದರು. ಮನೆಯ ಅಜ್ಜಿ ನಾಲ್ಕು ಕಾಯಿ ಸುಲಿದು, ಬೀಜ ಕುಟ್ಟಿ, ಬೆಲ್ಲ ಸೇರಿಸಿ, ನಾಲ್ಕು ವರ್ಷ ತುಂಬದ ಮೊಮ್ಮಗಳ ಬಾಯಿಗಿಟ್ಟರು. ಹುಡುಗಿ ಅರ್ಧ ನುಂಗಿ ಅರ್ಧ ಉಗುಳಿತು. ಐದು ನಿಮಿಷವೂ ಆಗಿರಲಿಲ್ಲ, ತುಟಿ ಉಬ್ಬಿತು, ಕುತ್ತಿಗೆ ಹೊಟ್ಟೆಯ ಮೇಲೆ ಕೆಂಪು ದದ್ದು ಎದ್ದಿತು. ಎರಡು ಸಾರಿ ವಾಂತಿ ಮಾಡಿಕೊಂಡಿತು.

"ಪಿತ್ತ ಏರೈತೆ ಕಣಪ್ಪ. ಸಂಕ್ರಾಂತೀಲೂ ಹಿಂಗೇ ಆಗಿತ್ತು. ಆಮೇಲೆ ಇಳೀತು" ಎಂದರು ಅಜ್ಜಿ.

ಆ ಸಂಕ್ರಾಂತಿಯಲ್ಲಿ ಎಳ್ಳು ಬೆಲ್ಲ ತಿಂದಾಗ ಪಿತ್ತಗಂಧೆ ಎದ್ದು, ತುಟಿ ಊದಿ, ಸಂಜೆಯ ಹೊತ್ತಿಗೆ ತಾನಾಗಿ ಇಳಿದಿತ್ತಂತೆ. ಅಲ್ಲಿಂದೀಚೆಗೆ ಶೇಂಗಾ ಚಟ್ನಿ ಕಂಡರೆ ಮಗು ಮುಖ ತಿರುಗಿಸುತ್ತಿತ್ತು. ಮನೆಯವರು ಅದನ್ನು ಹಟವೆಂದು ಬಗೆದಿದ್ದರು.

ಈ ಸಾರಿ ಅದು ತಾನಾಗಿ ಇಳಿಯಲಿಲ್ಲ. ಮಗುವಿನ ದನಿ ಒಡೆಯಿತು. ಉಸಿರು ಎಳೆಯುವಾಗ ಸಿಳ್ಳಿನಂಥ ಸದ್ದು ಬಂತು. ಕೈಕಾಲು ತಣ್ಣಗಾಗಿ ಮಗು ಜೋಲತೊಡಗಿತು. ಆರು ಕಿಲೋಮೀಟರ್ ದೂರದ ಆರೋಗ್ಯ ಕೇಂದ್ರಕ್ಕೆ ಬೈಕಿನಲ್ಲಿ ಹೋದೆವು. ತಂದೆ ಹಿಂದೆ ಕುಳಿತು ಮಗುವನ್ನು ತೋಳಿನಲ್ಲಿ ಮಲಗಿಸಿಕೊಂಡಿದ್ದರು. ವೈದ್ಯರು ಮಾತಿಗೆ ನಿಲ್ಲದೆ ತೊಡೆಗೆ ಒಂದು ಚುಚ್ಚುಮದ್ದು ಕೊಟ್ಟರು. ಹತ್ತು ನಿಮಿಷದಲ್ಲಿ ಉಸಿರು ಹದಕ್ಕೆ ಬಂತು, ಅರ್ಧ ಗಂಟೆಯಲ್ಲಿ ಮಗು ನೀರು ಕೇಳಿತು.

"ಡಾಕ್ಟ್ರೇ, ಮಗಳು ಆರಾಮಾಗವ್ಳೆ. ಹಾಲು ಕರೆಯೋ ಹೊತ್ತಾತು, ಮನೆಗೆ ಕರ್ಕಂಡು ಹೋಗ್ತೀವಿ" ಎಂದರು ತಂದೆ. ವೈದ್ಯರು ಬಿಡಲಿಲ್ಲ. ಅವರು ಬಿಡದಿದ್ದದ್ದೇ ಮಗುವನ್ನು ಉಳಿಸಿತು. ದೀಪ ಹಚ್ಚುವ ಹೊತ್ತಿಗೆ ಮಗು ಮತ್ತೇನೂ ತಿಂದಿರದಿದ್ದರೂ ದದ್ದು ಮತ್ತೆ ಎದ್ದಿತು, ಉಸಿರು ಮತ್ತೆ ಕಟ್ಟಿತು. ಎರಡನೆಯ ಚುಚ್ಚುಮದ್ದು ಕೊಟ್ಟು, ಆಂಬುಲೆನ್ಸಿನಲ್ಲಿ ಆಕ್ಸಿಜನ್ ಹಾಕಿ ಚಿತ್ರದುರ್ಗಕ್ಕೆ ಕಳುಹಿಸಿದರು. ಮೂರನೆಯ ದಿನ ಮಗು ಮನೆಗೆ ಬಂತು. ಈಗ ಶಾಲೆಗೆ ಹೋಗುತ್ತಿದೆ.

ಈ ಪ್ರಸಂಗದಲ್ಲಿ ಎರಡು ಬಗೆಯ ಮರುಕಳಿಕೆ ಇದೆ. ಸಂಕ್ರಾಂತಿಯಲ್ಲಿ ಬಂದದ್ದು ಸುಗ್ಗಿಯಲ್ಲಿ ಮತ್ತೆ ಬಂದದ್ದು ಒಂದು. ಮಧ್ಯಾಹ್ನ ಇಳಿದದ್ದು ಸಂಜೆ ಮತ್ತೆ ಏರಿದ್ದು ಇನ್ನೊಂದು. ಇವೆರಡನ್ನೂ ತಿಳಿಯುವುದೇ ಇಂದಿನ ಪಾಠ.

ಒಗ್ಗದಿರುವುದು ಎಂದರೇನು?

ನಮ್ಮ ಮೈಯಲ್ಲಿ ರೋಗಾಣುಗಳನ್ನು ಹಿಡಿದು ಹೊಡೆಯುವ ಒಂದು ಕಾವಲು ಇದೆ. ಊರ ಕಾವಲುಗಾರನು ಕತ್ತಲಲ್ಲಿ ನೆಂಟನನ್ನು ಕಳ್ಳನೆಂದು ತಪ್ಪಾಗಿ ಗುರುತಿಟ್ಟುಕೊಂಡನೆಂದು ತಿಳಿಯಿರಿ. ಮೊದಲ ದಿನ ಅವನು ಮುಖವನ್ನು ನೋಡಿಟ್ಟುಕೊಳ್ಳುತ್ತಾನೆ, ಅಷ್ಟೆ. ಮುಂದೆ ಅದೇ ಮುಖ ಕಂಡ ಕೂಡಲೇ ಡಂಗುರ ಹೊಡೆದು ಊರನ್ನೇ ಎಬ್ಬಿಸುತ್ತಾನೆ. ಜನ ದೊಣ್ಣೆ ಹಿಡಿದು ಓಡಾಡುವ ಗದ್ದಲದಲ್ಲಿ ಊರಿನ ಮಡಕೆ ಕುಡಿಕೆಗಳೇ ಒಡೆಯುತ್ತವೆ. ಶೇಂಗಾ, ಹಾಲು, ಮೊಟ್ಟೆ, ಜೇನಿನ ವಿಷ, ಒಂದು ಔಷಧಿ, ಇವು ಬಹುಪಾಲು ಜನರಿಗೆ ನೆಂಟರೇ. ಕೆಲವು ಮಕ್ಕಳ ಮೈ ಮಾತ್ರ ಇವನ್ನು ಕಳ್ಳನೆಂದು ಗುರುತಿಟ್ಟುಕೊಳ್ಳುತ್ತದೆ. ಇದನ್ನೇ ಅಲರ್ಜಿ ಎನ್ನುವುದು. ಆ ಗುರುತಿನ ಚೀಟಿ ರಕ್ತದಲ್ಲಿರುವ ಐಜಿಇ ಎಂಬ ಪದಾರ್ಥ. ಇದನ್ನು 1966ರಲ್ಲಿ ಜಪಾನಿನ ಇಶಿಜಾಕಾ ದಂಪತಿಗಳು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದಾಗ ಕಂಡುಹಿಡಿದರು. ಕಳ್ಳನೆಂದು ಗುರುತಿಟ್ಟ ಪದಾರ್ಥ ಮತ್ತೆ ಒಳಹೊಕ್ಕರೆ ಮೈಯ ಕೆಲವು ಕಣಗಳು ಹಿಸ್ಟಮಿನ್ ಮೊದಲಾದ ರಸಗಳನ್ನು ಒಮ್ಮೆಲೇ ಚೆಲ್ಲುತ್ತವೆ. ಚರ್ಮದಲ್ಲಿ ದದ್ದು ಏಳುತ್ತದೆ, ಉಸಿರಿನ ಕೊಳವೆ ಬಿಗಿಯುತ್ತದೆ, ರಕ್ತನಾಳಗಳು ಸಡಿಲಗೊಂಡು ರಕ್ತದ ಒತ್ತಡ ಕುಸಿಯುತ್ತದೆ.

ಇಡೀ ಮೈಯನ್ನು ಹಿಡಿದು ಪ್ರಾಣಕ್ಕೆ ಬರುವ ಇಂಥ ತೀವ್ರ ಅಲರ್ಜಿಗೆ ಅನಾಫಿಲ್ಯಾಕ್ಸಿಸ್ ಎಂದು ಹೆಸರು. 1902ರಲ್ಲಿ ಫ್ರಾನ್ಸಿನ ರಿಶೆ ಮತ್ತು ಪೋರ್ಟಿಯೆ ಎಂಬ ವಿಜ್ಞಾನಿಗಳು ಈ ಹೆಸರಿಟ್ಟರು. ಅವರು ಒಂದು ಸಮುದ್ರಜೀವಿಯ ವಿಷವನ್ನು ನಾಯಿಗಳಿಗೆ ಸ್ವಲ್ಪ ಸ್ವಲ್ಪ ಕೊಟ್ಟು, ಅವು ವಿಷಕ್ಕೆ ಒಗ್ಗಿಕೊಳ್ಳುತ್ತವೆಯೇ ಎಂದು ನೋಡುತ್ತಿದ್ದರು. ಮೊದಲ ಸಾರಿ ತಡೆದುಕೊಂಡಿದ್ದ ನಾಯಿ ಕೆಲವು ವಾರಗಳ ಮೇಲೆ ಸಣ್ಣ ಪ್ರಮಾಣ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. ಎರಡನೆಯ ಸಾರಿ ಮೊದಲಿಗಿಂತ ಕೆಡುಕಾದೀತು ಎಂಬ ಈ ತಿಳಿವಿಗೆ ರಿಶೆಯವರಿಗೆ 1913ರಲ್ಲಿ ನೊಬೆಲ್ ಬಹುಮಾನ ಬಂತು. ಕೆರೆ ಏರಿಯಲ್ಲಿ ಇಲಿಬಿಲ ಬಿದ್ದು ಮೊದಲ ವರ್ಷ ನೀರು ಜಿನುಗಿದರೆ, "ಹೋದ ವರ್ಷ ಜಿನುಗಿ ನಿಂತಿತು, ಈ ವರ್ಷವೂ ನಿಂತೀತು" ಎಂದು ಯಾವ ರೈತನೂ ಸುಮ್ಮನಿರುವುದಿಲ್ಲ. ಮಗುವಿನ ಮೈಯಲ್ಲಿ ಕಂಡ ಮೊದಲ ಜಿನುಗನ್ನೂ ಹಾಗೆಯೇ ಕಾಣಬೇಕು. ಮುಂದಿನ ಸಾರಿ ಹಗುರವಾಗಿ ಬಂದೀತೋ ಕಠಿಣವಾಗಿ ಬಂದೀತೋ ಎಂದು ಮುಂಚಿತವಾಗಿ ಯಾರೂ ಹೇಳಲಾರರು.

ನಮ್ಮ ಸೀಮೆಯಲ್ಲಿ ಯಾವುದರಿಂದ?

1. ಆಹಾರ: ಹಾಲು, ಮೊಟ್ಟೆ, ಶೇಂಗಾ, ಎಳ್ಳು, ಗೋಡಂಬಿ, ಗೋಧಿ, ಮೀನು, ಸೀಗಡಿ ಮುಖ್ಯವಾದವು. ಕಡಲೆಯಂಥ ಕಾಳುಗಳಿಂದಲೂ ಕೆಲವರಿಗೆ ಆಗುವುದುಂಟು. ಸಂಕ್ರಾಂತಿಯ ಒಂದು ಚಿಟಿಕೆ ಎಳ್ಳು ಬೆಲ್ಲದಲ್ಲಿ ಎಳ್ಳು, ಶೇಂಗಾ, ಹುರಿಗಡಲೆ ಮೂರೂ ಕೂಡಿರುತ್ತವೆ ಎಂಬುದನ್ನು ನೆನಪಿಡಿ.

2. ಕೀಟಗಳು: ಹಿರಿಯೂರಿನ ತೆಂಗಿನ ತೋಟ, ಹೊಳಲ್ಕೆರೆ ಹೊಸದುರ್ಗಗಳ ಅಡಿಕೆ ತೋಟ, ಚಿತ್ರದುರ್ಗದ ಬಂಡೆಗಳ ಸಂದು, ಎಲ್ಲೆಡೆಯೂ ಜೇನು ಮತ್ತು ಕಡಜ ಇವೆ. ಹೆಜ್ಜೇನು ಹಿಂಡಾಗಿ ಕಚ್ಚಿದರೆ ವಿಷದ ಪ್ರಮಾಣದಿಂದಲೇ ಯಾರಿಗಾದರೂ ಅಪಾಯ. ಅಲರ್ಜಿ ಇದ್ದ ಮಗುವಿಗೆ ಒಂದೇ ಹುಳುವಿನ ಒಂದೇ ಮುಳ್ಳು ಸಾಕು.

3. ಔಷಧಿಗಳು: ಪೆನಿಸಿಲಿನ್ ಜಾತಿಯವು, ಕೆಲವು ನೋವಿನ ಮಾತ್ರೆಗಳು. ಲಸಿಕೆಯಿಂದ ಆಗುವುದು ಬಹಳ ಅಪರೂಪ, ಹತ್ತು ಲಕ್ಷ ಡೋಸಿಗೆ ಸುಮಾರು ಒಂದು. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಕೂರಿಸುವುದು ಈ ಕಾರಣಕ್ಕೇ. ಅವಸರ ಮಾಡಿ ಏಳಬೇಡಿರಿ. ಇದೇ ನೆಪ ಹೇಳಿ ಲಸಿಕೆಯನ್ನು ತಪ್ಪಿಸಲೂ ಬೇಡಿರಿ.

ಚೇಳು ಕಡಿತ, ಹಾವು ಕಡಿತ ಬೇರೆ. ಅವು ವಿಷದ ಕೆಲಸ, ಅವುಗಳ ಔಷಧಿಯೂ ಬೇರೆ. ಆದರೆ ಅಲ್ಲಿಯೂ ಆಸ್ಪತ್ರೆಯೇ ದಾರಿ.

ಗುರುತುಗಳು

ತಿಂದ, ಕಚ್ಚಿಸಿಕೊಂಡ ಅಥವಾ ಔಷಧಿ ಪಡೆದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಈ ಕೆಳಗಿನವು ಕಾಣುತ್ತವೆ.

ಚರ್ಮದಲ್ಲಿ: ಪಿತ್ತಗಂಧೆಯಂಥ ದದ್ದು, ತುರಿಕೆ, ತುಟಿ ಕಣ್ಣು ನಾಲಿಗೆಯ ಬಾವು.
ಉಸಿರಿನಲ್ಲಿ: ದನಿ ಒಡೆಯುವುದು, ಬಿಡದ ಕೆಮ್ಮು, ಸಿಳ್ಳಿನ ಸದ್ದು, ನುಂಗಲು ಕಷ್ಟ.
ಹೊಟ್ಟೆಯಲ್ಲಿ: ತಡೆಯಿಲ್ಲದ ವಾಂತಿ, ಹೊಟ್ಟೆ ನುಲಿತ.
ರಕ್ತದ ಓಟದಲ್ಲಿ: ಮುಖ ಬಿಳಿಚುವುದು, ಕೈಕಾಲು ತಣ್ಣಗಾಗುವುದು, ಮಂಕು, ಮೂರ್ಛೆ. ಕೂಸುಗಳಲ್ಲಿ ಇದು ಬರಿಯ ಜೋಲುವಿಕೆಯಾಗಿ ಕಾಣುತ್ತದೆ.

ಚರ್ಮದಲ್ಲಿ ಮಾತ್ರ ಕಂಡರೆ ಎಚ್ಚರದಿಂದ ಕಾಯಿರಿ, ವೈದ್ಯರಿಗೆ ತೋರಿಸಿರಿ. ಎರಡು ಕಡೆ ಕಂಡರೆ ಅಪಾಯವೆಂದು ತಿಳಿಯಿರಿ. ಒಗ್ಗದೆಂದು ಗೊತ್ತಿರುವ ಪದಾರ್ಥ ತಿಂದ ಮೇಲೆ ಉಸಿರು ಕಟ್ಟಿದರೆ ಅಥವಾ ಮಗು ಜೋತುಬಿದ್ದರೆ, ಚರ್ಮದಲ್ಲಿ ಒಂದು ದದ್ದೂ ಇಲ್ಲದಿದ್ದರೂ ಅಪಾಯವೇ. "ದದ್ದು ಎದ್ದಿಲ್ಲ, ಹಾಗಾದರೆ ಅಲರ್ಜಿ ಅಲ್ಲ" ಎಂದು ಕೂರತಕ್ಕದ್ದಲ್ಲ.

ಎಷ್ಟು ಹೊತ್ತಿದೆ?

ಇಂಗ್ಲೆಂಡಿನಲ್ಲಿ ಅನಾಫಿಲ್ಯಾಕ್ಸಿಸ್‌ನಿಂದ ಸತ್ತವರ ವಿವರಗಳನ್ನು ಪಂಫ್ರಿ ಎಂಬ ವೈದ್ಯರು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದರು. ಉಸಿರು ಅಥವಾ ಎದೆಬಡಿತ ನಿಲ್ಲಲು ಹಿಡಿದ ಹೊತ್ತು, ನಡುಮಟ್ಟದ ಲೆಕ್ಕದಲ್ಲಿ, ಆಹಾರದಿಂದಾದರೆ 30 ನಿಮಿಷ, ಕೀಟ ಕಚ್ಚಿದರೆ 15 ನಿಮಿಷ, ಚುಚ್ಚುಮದ್ದಿನ ಔಷಧಿಯಿಂದಾದರೆ 5 ನಿಮಿಷ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರ್, ಹೊಳಲ್ಕೆರೆಯಿಂದ ಸುಮಾರು 30. ಒಳಗಿನ ಹಳ್ಳಿಗಳಿಂದ ಇನ್ನೂ ಹೆಚ್ಚು. ಲೆಕ್ಕ ನೀವೇ ಹಾಕಿರಿ. ದೊಡ್ಡ ಆಸ್ಪತ್ರೆಯೇ ಬೇಕೆಂದು ಹತ್ತಿರದ ಆರೋಗ್ಯ ಕೇಂದ್ರವನ್ನು ದಾಟಿ ಹೋಗುವುದು ತಪ್ಪು. ಬೇಕಾದ ಮೊದಲ ಔಷಧಿ ಸಣ್ಣ ಕೇಂದ್ರದಲ್ಲೂ ಇರುತ್ತದೆ.

ಆ ಔಷಧಿ ಅಡ್ರಿನಲಿನ್. ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಇದನ್ನು ಕೊಡುತ್ತಾರೆ. ಇದು ಊದಿದ್ದನ್ನು ಇಳಿಸುತ್ತದೆ, ಬಿಗಿದ ಉಸಿರಿನ ಕೊಳವೆಯನ್ನು ತೆರೆಯುತ್ತದೆ, ಕುಸಿದ ರಕ್ತದ ಒತ್ತಡವನ್ನು ಎತ್ತುತ್ತದೆ. ಮೂರೂ ಕೆಲಸವನ್ನು ಒಟ್ಟಿಗೆ ಮಾಡುವ ಬೇರೆ ಔಷಧಿ ಇಲ್ಲ. ಪ್ರಮಾಣ ಮಗುವಿನ ತೂಕದ ಮೇಲೆ, ಕಿಲೋಗ್ರಾಮಿಗೆ 0.01 ಮಿಲಿಗ್ರಾಂ. 20 ಕಿಲೋ ತೂಕದ ಮಗುವಿಗೆ 0.2 ಮಿಲಿಗ್ರಾಂ ಸಾಕು. ಇಳಿಯದಿದ್ದರೆ 5ರಿಂದ 15 ನಿಮಿಷದಲ್ಲಿ ಮತ್ತೊಮ್ಮೆ ಕೊಡಬಹುದು. ಲೆಕ್ಕ ಹೇಳಿದ್ದು ನೀವು ತಿಳಿದಿರಲೆಂದು, ಕಲಿಯದವರು ಸೂಜಿ ಹಿಡಿಯಲೆಂದಲ್ಲ.

ಔಷಧಿ ಅಂಗಡಿಯಲ್ಲಿ ಸಿಗುವ ಏವಿಲ್, ಸೆಟಿರಿಜಿನ್ ಮಾತ್ರೆಗಳು ತುರಿಕೆಯನ್ನು ಇಳಿಸುತ್ತವೆ. ಕಟ್ಟಿದ ಉಸಿರನ್ನು ಅವು ಬಿಡಿಸವು. ಮಾತ್ರೆ ನುಂಗಿಸಿ ಕಾಯುತ್ತ ಕೂತರೆ ಸಿಗುವ ಹದಿನೈದು ನಿಮಿಷವೂ ಕೈಬಿಟ್ಟು ಹೋಗುತ್ತದೆ.

ಆ ಹೊತ್ತಿನಲ್ಲಿ ಮಾಡತಕ್ಕದ್ದು

1. ಬಾಯಲ್ಲಿ ಉಳಿದಿರುವುದನ್ನು ಉಗುಳಿಸಿರಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿರಿ. ಜೇನಿನ ಮುಳ್ಳು ಚರ್ಮದಲ್ಲಿ ನಿಂತಿದ್ದರೆ ಉಗುರಿನಿಂದ ಕೆರೆದು ಕೂಡಲೇ ತೆಗೆಯಿರಿ. ವಿಷ ಕೆಲವೇ ಸೆಕೆಂಡುಗಳಲ್ಲಿ ಇಳಿಯುವುದರಿಂದ ತೆಗೆಯುವ ರೀತಿಗಿಂತ ಬೇಗ ತೆಗೆಯುವುದು ಮುಖ್ಯ. ಕಡಜ ಸಾಮಾನ್ಯವಾಗಿ ಮುಳ್ಳು ಬಿಡುವುದಿಲ್ಲ.

2. ಮಗುವನ್ನು ಅಂಗಾತ ಮಲಗಿಸಿ ಕಾಲನ್ನು ಸ್ವಲ್ಪ ಎತ್ತರದಲ್ಲಿಡಿರಿ. ಉಸಿರಿಗೆ ಕಷ್ಟವಿದ್ದರೆ ಒರಗಿಸಿ ಕೂರಿಸಬಹುದು. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿರಿ. ಎಬ್ಬಿಸಿ ನಿಲ್ಲಿಸುವುದು, ನಡೆಸುವುದು ಕೂಡದು. ರಕ್ತದ ಒತ್ತಡ ಕುಸಿದಿರುವಾಗ ಎದ್ದು ನಿಂತ ಕ್ಷಣದಲ್ಲೇ ಪ್ರಾಣ ಹೋದದ್ದುಂಟು.

3. 108ಕ್ಕೆ ಕರೆಮಾಡಿ "ಮಗುವಿಗೆ ತೀವ್ರ ಅಲರ್ಜಿ, ಉಸಿರು ಕಟ್ಟುತ್ತಿದೆ" ಎಂದು ಸ್ಪಷ್ಟವಾಗಿ ಹೇಳಿರಿ. ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲಿ ಅತಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೊರಡಿರಿ. ಇನ್ನೊಬ್ಬರು ಫೋನಿನಲ್ಲಿ ಮೊದಲೇ ತಿಳಿಸಲಿ.

4. ಕಚ್ಚಿದ ಜಾಗಕ್ಕೆ ಸುಣ್ಣ, ಸೀಮೆಎಣ್ಣೆ ಹಚ್ಚುವುದು, ಹುಣಸೆಹಣ್ಣಿನ ನೀರು ಕುಡಿಸುವುದು, ದೃಷ್ಟಿ ತೆಗೆಯುವುದು, ಇವುಗಳಿಂದ ಆಗುವ ಮೊದಲ ನಷ್ಟ ಹೊತ್ತಿನದು. ಉಸಿರು ಕಟ್ಟಿದ ಮಗುವಿನ ಬಾಯಿಗೆ ಏನನ್ನೂ ಹಾಕತಕ್ಕದ್ದಲ್ಲ. ಹಿರಿಯರ ಮನಸ್ಸಿಗೆ ದೃಷ್ಟಿ ತೆಗೆಯಲೇಬೇಕೆಂದಿದ್ದರೆ ಮಗು ಆಸ್ಪತ್ರೆಯಿಂದ ಬಂದ ಮೇಲೆ ಆಗಲಿ.

5. ಸುಧಾರಿಸಿದ ಮೇಲೂ ವೈದ್ಯರು ಹೇಳುವವರೆಗೆ ಅಲ್ಲೇ ಇರಿ. ನೂರು ಜನರಲ್ಲಿ ನಾಲ್ಕೈದು ಜನರಿಗೆ ಕೆಲವು ಗಂಟೆಗಳ ಮೇಲೆ ಅದು ಮತ್ತೆ ಏರುತ್ತದೆ. ಅಪರೂಪಕ್ಕೆ ಎರಡು ಮೂರು ದಿನದೊಳಗೂ ಬರುವುದುಂಟು. ಮನೆಗೆ ಬಂದ ಮೊದಲ ಮೂರು ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ಹಾಲು ಕರೆಯಲು ನೆರೆಮನೆಯವರಿದ್ದಾರೆ.

ಮುಂದೆ ಬಾರದ ಹಾಗೆ

ಮರುಕಳಿಸಲು ಮುಖ್ಯ ಕಾರಣಗಳು ಇವು: ಮೊದಲ ಸಾರಿ ಗುರುತಿಸದೆ ಹೋಗುವುದು, ಕಾರಣವಾದ ಪದಾರ್ಥ ಬೇರೆ ತಿಂಡಿಯಲ್ಲಿ ಅಡಗಿರುವುದು, ಶಾಲೆಗೂ ನೆಂಟರಿಗೂ ತಿಳಿಸದಿರುವುದು, ಮಗುವಿನ ಉಬ್ಬಸಕ್ಕೆ ಸರಿಯಾದ ಚಿಕಿತ್ಸೆ ನಡೆಯದಿರುವುದು. ಉಬ್ಬಸ ಹತೋಟಿಯಲ್ಲಿಲ್ಲದ ಮಗುವಿಗೆ ಅಲರ್ಜಿ ಹೆಚ್ಚು ಕಠಿಣವಾಗುತ್ತದೆ. ಆದ್ದರಿಂದ ವೈದ್ಯರು ಕೊಟ್ಟ ಇನ್‌ಹೇಲರನ್ನು "ಚಟವಾದೀತು" ಎಂಬ ಭಯದಿಂದ ನಿಲ್ಲಿಸಬೇಡಿರಿ.

ಕಾರಣ ಪತ್ತೆ. ಅಂದು ಮಗು ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ನಿಮಿಷದಲ್ಲಿ ಏನಾಯಿತು ಎಂಬುದನ್ನು ಅಂದೇ ಬರೆದಿಡಿ. ಇದು ವೈದ್ಯರಿಗೆ ಎಲ್ಲ ಪರೀಕ್ಷೆಗಿಂತ ಮೇಲಾದ ಸಹಾಯ. ಚರ್ಮದ ಪರೀಕ್ಷೆ, ರಕ್ತಪರೀಕ್ಷೆಗಳನ್ನು ಈ ವಿವರದೊಂದಿಗೆ ಹೊಂದಿಸಿ ನೋಡಬೇಕು. ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಕರ್ನಾಟಕದ ವಯಸ್ಕರಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತದಲ್ಲಿ ಗುರುತಿನ ಚೀಟಿ ಇದ್ದವರು ನೂರಕ್ಕೆ 26.5, ನಿಜವಾಗಿ ಆಹಾರದ ಅಲರ್ಜಿ ಇರಬಹುದಾದವರು ನೂರಕ್ಕೆ 1.2 ಮಾತ್ರ. ಆದ್ದರಿಂದ ಪರೀಕ್ಷೆಯ ಚೀಟಿಯಲ್ಲಿ ಹತ್ತು ಪದಾರ್ಥ ಬರೆದು ಬಂದಿತೆಂದು ಹತ್ತನ್ನೂ ಬಿಡಿಸಿ ಮಗುವನ್ನು ಸೊರಗಿಸಬೇಡಿರಿ. ಶೇಂಗಾ ಒಗ್ಗದ ಮಗು ತೊಗರಿ, ಹೆಸರು, ಹುರುಳಿ ಬಿಡಬೇಕೆಂದಿಲ್ಲ. ತಿಂದು ಒಗ್ಗಿರುವ ಕಾಳುಗಳನ್ನು ತಿನ್ನುತ್ತಿರಲಿ.

ಅಡಗಿರುವ ಪದಾರ್ಥ. ಚಟ್ನಿಪುಡಿ, ಚಿತ್ರಾನ್ನ, ಒಗ್ಗರಣೆ ಮಂಡಕ್ಕಿ, ಎಣ್ಣೆಗಾಯಿ, ಚಿಕ್ಕಿ, ಪಂಚಮಿಯ ಉಂಡೆ, ಶೇಂಗಾ ಹೋಳಿಗೆ, ಇವೆಲ್ಲದರಲ್ಲಿ ಶೇಂಗಾ ಇದೆ ಅಥವಾ ಇರಬಹುದು. ಹುರಿದರೂ ಬೇಯಿಸಿದರೂ ಅದರ ಗುಣ ಹೋಗುವುದಿಲ್ಲ. ಗಾಣದ ಶೇಂಗಾ ಎಣ್ಣೆಯಲ್ಲಿ ಕಾಳಿನ ಪ್ರೋಟೀನು ಉಳಿದಿರುವುದರಿಂದ ಅಂಥ ಮಗುವಿಗೆ ಅದು ಬೇಡ. ಒಂದೇ ಒರಳಿನಲ್ಲಿ, ಒಂದೇ ಮಿಕ್ಸಿಯಲ್ಲಿ ಶೇಂಗಾ ರುಬ್ಬಿ ತೊಳೆಯದೆ ಮತ್ತೊಂದನ್ನು ರುಬ್ಬಬೇಡಿರಿ. ಕಾಯಿ ಬಿಡಿಸುವಾಗ, ಹಿಂಡಿ ಕುಟ್ಟುವಾಗ ಏಳುವ ಧೂಳಿನಿಂದ ಮಗುವನ್ನು ದೂರವಿಡಿ.

ಶಾಲೆ. ಬಿಸಿಯೂಟದ ಜೊತೆ ಮೊಟ್ಟೆ, ಬಾಳೆಹಣ್ಣು ಕೊಡುವ ಕ್ರಮ 2022ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿತು. ಶೇಂಗಾ ಚಿಕ್ಕಿಯನ್ನೂ ಕೆಲಕಾಲ ಕೊಟ್ಟದ್ದುಂಟು. ಇವು ಮಕ್ಕಳಿಗೆ ಪುಷ್ಟಿ ಕೊಡುವ ಒಳ್ಳೆಯ ಆಹಾರ. ಒಂದು ಮಗುವಿಗೆ ಒಗ್ಗದೆಂದು ಉಳಿದವರಿಗೆ ತಪ್ಪಿಸಬೇಕಾಗಿಲ್ಲ. ಆದರೆ ಯಾವ ಮಗುವಿಗೆ ಯಾವುದು ಒಗ್ಗದೆಂಬುದು ಮೇಷ್ಟರಿಗೂ ಅಡಿಗೆಯವರಿಗೂ ಗೊತ್ತಿರಬೇಕು. ಅಂಗನವಾಡಿಗೂ ಇದೇ ಮಾತು. ಬಾಯಿಮಾತು ಮರೆತುಹೋದೀತು. ಗಟ್ಟಿ ಕಾಗದದ ಮೇಲೆ ಹೀಗೆ ಬರೆದು ಒಂದು ಪ್ರತಿ ಶಾಲೆಯಲ್ಲಿ, ಒಂದು ಮಗುವಿನ ಚೀಲದಲ್ಲಿ, ಒಂದು ಮನೆಯ ಗೋಡೆಯ ಮೇಲೆ ಇರಲಿ:

"ಈ ಮಗುವಿಗೆ ಶೇಂಗಾ ಒಗ್ಗದು. ತಿಂದು ತುಟಿ ಊದಿದರೆ, ವಾಂತಿಯಾದರೆ, ಉಸಿರು ಕಟ್ಟಿದರೆ ಮಲಗಿಸಿ. 108ಕ್ಕೆ ಕರೆಮಾಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಬೇಕಾದ ಔಷಧಿ ಅಡ್ರಿನಲಿನ್. ತಂದೆಯ ಫೋನು, ತಾಯಿಯ ಫೋನು, ಆರೋಗ್ಯ ಕೇಂದ್ರದ ಫೋನು."

ಔಷಧಿಯಿಂದ ಆಗಿದ್ದರೆ ಆ ಔಷಧಿಯ ಹೆಸರನ್ನು ವೈದ್ಯರಿಂದ ಬರೆಸಿಕೊಂಡು, ಯಾವ ಆಸ್ಪತ್ರೆಗೆ ಹೋದರೂ ಚುಚ್ಚುವ ಮೊದಲೇ ತೋರಿಸಿರಿ. "ಆ ಕೆಂಪು ಮಾತ್ರೆ", "ಆ ಬಿಳಿ ಸೂಜಿ" ಎಂದರೆ ಯಾರಿಗೂ ತಿಳಿಯದು.

ಜೇನು, ಕಡಜ. ಅಮೆರಿಕದಲ್ಲಿ ಕೀಟ ಕಡಿತದ ಅಲರ್ಜಿ ಇದ್ದ ಮಕ್ಕಳನ್ನು ಬಹು ವರ್ಷ ಅನುಸರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೊದಲು ತೀವ್ರವಾಗಿ ಆಗಿದ್ದವರಲ್ಲಿ, ಮತ್ತೆ ಕಚ್ಚಿದಾಗ ನೂರಕ್ಕೆ 32 ಮಕ್ಕಳಿಗೆ ಮೈಯೆಲ್ಲ ಅಲರ್ಜಿ ಮರುಕಳಿಸಿತು. ವಿಷವನ್ನೇ ಅತಿ ಸಣ್ಣ ಪ್ರಮಾಣದಿಂದ ಏರಿಸುತ್ತ ಕೊಟ್ಟು ಮೈಯನ್ನು ಒಗ್ಗಿಸುವ ಚಿಕಿತ್ಸೆ ಪಡೆದವರಲ್ಲಿ ಮರುಕಳಿಸಿದ್ದು ನೂರಕ್ಕೆ 5 ಮಾತ್ರ. ಈ ಚಿಕಿತ್ಸೆಯನ್ನು ಅಲರ್ಜಿ ತಜ್ಞರು ಮಾತ್ರ ಮಾಡತಕ್ಕದ್ದು, ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿರಿ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಮನೆ, ಶಾಲೆ, ಬಾವಿಯ ಹತ್ತಿರದ ಕಡಜದ ಗೂಡನ್ನು ತಿಳಿದವರಿಂದ ತೆಗೆಸಿರಿ. ಹೆಜ್ಜೇನಿನ ಹುಟ್ಟಿಗೆ ಕಲ್ಲೆಸೆಯದಂತೆ, ಹೊಗೆ ಹಾಕದಂತೆ ಹುಡುಗರಿಗೆ ತಿಳಿಹೇಳಿರಿ. ಎದ್ದ ಜೇನು ಕಂಡರೆ ಮುಖ ಮುಚ್ಚಿಕೊಂಡು ಮನೆಯೊಳಗೆ ಓಡಬೇಕು. ಹಾಗೆಂದು ಜೇನನ್ನು ಸುಡತಕ್ಕದ್ದಲ್ಲ. ಸೂರ್ಯಕಾಂತಿಯ ಕಾಳು ಕಟ್ಟುವುದರಲ್ಲಿ, ತೆಂಗಿನ ಕಾಯಿ ಕಚ್ಚುವುದರಲ್ಲಿ ಅದರ ಪಾಲು ಇದೆ.

ಅಡ್ರಿನಲಿನ್ ಕೈಯಲ್ಲಿರಲಿ. ಹೊರದೇಶಗಳಲ್ಲಿ ಇಂಥ ಮಕ್ಕಳ ಹತ್ತಿರ ಪೆನ್ನಿನಾಕಾರದ ಸಿದ್ಧ ಚುಚ್ಚುಮದ್ದು ಇರುತ್ತದೆ. ನಮ್ಮ ತಾಲ್ಲೂಕುಗಳ ಔಷಧಿ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗುವಂಥದ್ದಲ್ಲ. ಒಮ್ಮೆ ತೀವ್ರವಾಗಿ ಆಗಿದ್ದ ಮಗುವಿನ ತಂದೆ ತಾಯಿಗಳು ವೈದ್ಯರನ್ನು ಕೇಳಿದರೆ, ಅವರು ಸಾಧಾರಣ ಆಂಪೂಲು ಮತ್ತು ಸಿರಿಂಜನ್ನು ಬರೆದುಕೊಟ್ಟು, ಮಗುವಿನ ಪ್ರಮಾಣವನ್ನು ಗುರುತುಮಾಡಿ, ಚುಚ್ಚುವುದನ್ನು ಕಲಿಸಿಕೊಡಬಹುದು. ಕಲಿತ ಮೇಲೆಯೇ ಇಟ್ಟುಕೊಳ್ಳಬೇಕು. ಬಿಸಿಲು ಬೀಳದ ತಂಪಾದ ಜಾಗದಲ್ಲಿಟ್ಟು, ಅವಧಿ ಮುಗಿಯುವ ತಾರೀಖನ್ನು ಬೀಜದ ಚೀಲದ ತಾರೀಖು ನೋಡುವಂತೆ ನೋಡುತ್ತಿರಬೇಕು.

ಹೆದರಿ ಶೇಂಗಾ ಬಿಡಬೇಕೆ?

ಈ ಪಾಠ ಓದಿ "ನಮ್ಮ ಕೂಸಿಗೆ ಶೇಂಗಾನೇ ಬೇಡ" ಎನ್ನುವವರಿದ್ದರೆ ಅದು ಸಲ್ಲದು. 2015ರಲ್ಲಿ ಲಂಡನ್ನಿನಿಂದ ಪ್ರಕಟವಾದ ಒಂದು ಪ್ರಯೋಗದಲ್ಲಿ, ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 4ರಿಂದ 11 ತಿಂಗಳ 640 ಕೂಸುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶೇಂಗಾ ಬಿಡಿಸಿದರು, ಇನ್ನೊಂದಕ್ಕೆ ಕ್ರಮವಾಗಿ ತಿನ್ನಿಸಿದರು. ಐದು ವರ್ಷವಾದಾಗ ಬಿಡಿಸಿದ ಗುಂಪಿನಲ್ಲಿ ನೂರಕ್ಕೆ 17 ಮಕ್ಕಳಿಗೆ, ತಿನ್ನಿಸಿದ ಗುಂಪಿನಲ್ಲಿ ನೂರಕ್ಕೆ 3 ಮಕ್ಕಳಿಗೆ ಶೇಂಗಾ ಅಲರ್ಜಿ ಇತ್ತು. ಅಂದರೆ ಬೇಗ ಪರಿಚಯ ಮಾಡಿಸುವುದೇ ಮೇಲು. ಆರು ತಿಂಗಳ ಮೇಲೆ ರಾಗಿ ಸರಿಯ ಜೊತೆ ನುಣ್ಣಗೆ ಅರೆದ ಶೇಂಗಾವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಮೈಯೆಲ್ಲ ಇಸುಬು ಇರುವ ಕೂಸಿಗೆ, ಮೊಟ್ಟೆ ಒಗ್ಗದ ಕೂಸಿಗೆ ಮಾತ್ರ ಮೊದಲು ವೈದ್ಯರನ್ನು ಕೇಳಿರಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಕೊಡಬೇಡಿರಿ, ಅದು ಗಂಟಲಿಗೆ ಸಿಕ್ಕೀತು. ಈಗಾಗಲೇ ಅಲರ್ಜಿ ಕಂಡ ಮಗುವಿಗೆ "ಒಗ್ಗಿಸುತ್ತೇವೆ" ಎಂದು ಮನೆಯಲ್ಲಿ ತಿನ್ನಿಸುವುದು ಮಾತ್ರ ಪ್ರಾಣಾಪಾಯ.

ಹಾಲು, ಮೊಟ್ಟೆಯ ಅಲರ್ಜಿ ಬಹಳ ಮಕ್ಕಳಲ್ಲಿ ಬೆಳೆಯುತ್ತ ಹೋಗಿಬಿಡುತ್ತದೆ. ಶೇಂಗಾದ್ದು ಐವರಲ್ಲಿ ಒಬ್ಬರಿಗೆ ಹೋದೀತು. ಹೋಗಿದೆಯೇ ಎಂದು ನೋಡುವ ಕೆಲಸ ಆಸ್ಪತ್ರೆಯದು, ಅಡಿಗೆಮನೆಯದಲ್ಲ.

ಊರು ಮಾಡಬೇಕಾದ್ದು

ಮಹಿಳಾ ಸಂಘದ ಮುಂದಿನ ಸಭೆಯಲ್ಲಿ ಆಶಾ ಕಾರ್ಯಕರ್ತೆಯವರನ್ನು ಕರೆಸಿ ಈ ಗುರುತುಗಳನ್ನು ಹೇಳಿಸಿರಿ. ಊರಿನಲ್ಲಿ ಇಂಥ ಮಕ್ಕಳು ಯಾರಿದ್ದಾರೆ ಎಂಬುದು ಅವರಿಗೆ ತಿಳಿದಿರಲಿ. ರಾತ್ರಿ ಹೊತ್ತಿನಲ್ಲೂ ಹೊರಡಬಲ್ಲ ಎರಡು ವಾಹನಗಳು ಯಾವುವು, ಅತಿ ಹತ್ತಿರದಲ್ಲಿ ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದು ಎಂಬುದನ್ನು ಯುವಕರು ಮೊದಲೇ ವಿಚಾರಿಸಿ ಶಾಲೆಯ ಗೋಡೆಯ ಮೇಲೆ ಬರೆಯಲಿ. ಇದಕ್ಕೆ ಹಣ ಬೇಕಾಗಿಲ್ಲ.

ಆ ಅಜ್ಜಿ ಈ ವರ್ಷದ ಸಂಕ್ರಾಂತಿಯಲ್ಲಿ ಮೊಮ್ಮಗಳಿಗೆಂದೇ ಬೇರೆ ಡಬ್ಬಿಯಲ್ಲಿ ಕೊಬ್ಬರಿ, ಬೆಲ್ಲ, ಸಕ್ಕರೆ ಅಚ್ಚು ತೆಗೆದಿಟ್ಟಿದ್ದರು. ಎಳ್ಳು ಬೀರಲು ಬಂದ ಮನೆಮನೆಯವರಿಗೂ ತಾವೇ ಹೇಳಿದರಂತೆ: "ನಮ್ಮ ಹುಡುಗೀಗೆ ಶೇಂಗಾ ಆಗಾಕಿಲ್ಲ ಕಣವ್ವ, ಕೊಡಬ್ಯಾಡ್ರಿ." ಈ ಒಂದು ಮಾತು ಪ್ರತಿ ಮನೆಯಲ್ಲೂ ನಾಚಿಕೆಯಿಲ್ಲದೆ ಹೇಳುವಂತಾದರೆ ಈ ಪಾಠದ ಅರ್ಧ ಕೆಲಸ ಮುಗಿಯಿತು.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಮ್ಮ ಮನೆಯ ಮಗುವಿಗೆ ಎಂದಾದರೂ ತಿಂದ ಕೂಡಲೇ ಪಿತ್ತಗಂಧೆ ಎದ್ದಿತ್ತೇ? ಅಂದು ಏನು ತಿಂದಿತ್ತು?
2. ದದ್ದು ಇಲ್ಲದೆಯೂ ತೀವ್ರ ಅಲರ್ಜಿ ಆಗಬಹುದೇ?
3. ಉಸಿರು ಕಟ್ಟಿದಾಗ ಬೇಕಾದ ಮೊದಲ ಔಷಧಿ ಯಾವುದು? ನಮ್ಮೂರಿಗೆ ಅದು ಅತಿ ಹತ್ತಿರ ಎಲ್ಲಿದೆ?
4. ಮಗು ಸುಧಾರಿಸಿದ ಮೇಲೂ ಆಸ್ಪತ್ರೆಯಲ್ಲಿ ಏಕೆ ಇರಬೇಕು?
5. ಶಾಲೆಗೆ, ಅಂಗನವಾಡಿಗೆ ಚೀಟಿ ಬರೆದು ಕೊಟ್ಟಿದ್ದೇವೆಯೇ?